ಖಾಲಿ ಹೊಟ್ಟೆಯ ನಾಲಿಗೆ

ಮಗಳನ್ನು ನಾವು ಮನೆಯಲ್ಲಿ ಕರೆಯುವುದು ಡುಮ್ಮಿ ಎಂದು. ಬಸ್ ನಿಲ್ದಾಣದಲ್ಲಿ ಅವಳನ್ನು ತಬ್ಬಿಕೊಂಡಾಗ ನನ್ನ ಕೈಗೆ ಸಿಕ್ಕಿದ್ದು ಬರೀ ಮೂಳೆ. ಬೆನ್ನ ಮೇಲೆ ಕೈಯಾಡಿಸಿದರೆ ಪಕ್ಕೆಲುಬುಗಳು ಒಂದೊಂದಾಗಿ ತಾಕುತ್ತಿದ್ದವು. "ಏನೇ ಇದು, ಹೀಗಾಗಿದೀಯ?" ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ಕೇಳಿಬಿಟ್ಟೆ. ಉತ್ತರ ಕೊಟ್ಟವಳು ಅವಳಲ್ಲ. ಅವಳ ಹಿಂದೆ ಕಾರಿನ ಕೀಲಿ ಆಡಿಸುತ್ತ ನಿಂತಿದ್ದ ಅಳಿಯ.

"ಫಿಟ್ ಆಗಿದಾಳೆ ಅತ್ತೆ! ಕಾಲೇಜು ಹುಡುಗಿ ಥರ ಕಾಣ್ತಿಲ್ವಾ?" ಎಂದು ನಗುತ್ತ ನನ್ನ ಬ್ಯಾಗು ತೆಗೆದುಕೊಂಡು ಡಿಕ್ಕಿಯಲ್ಲಿಟ್ಟ.

ನಾನು ಅಷ್ಟು ದೂರ ಬಂದದ್ದೇ ಅವಳನ್ನು ಕಣ್ಣಾರೆ ನೋಡಲು. ಕೆಲವು ತಿಂಗಳಿಂದ ಫೋನು ಮಾಡಿದರೆ ಸ್ಪೀಕರಿನಲ್ಲಿ ಇಬ್ಬರೂ ಇರುತ್ತಿದ್ದರು. ನಾನು ಮಗಳನ್ನು ಕೇಳಿದ್ದಕ್ಕೆ ಅಳಿಯ ಉತ್ತರಿಸುತ್ತಿದ್ದ, ಅವಳು ಹಿಂದಿನಿಂದ "ಹೂಂ ಅಮ್ಮ, ಹೂಂ ಅಮ್ಮ" ಅನ್ನುತ್ತಿದ್ದಳು. ಒಂದು ದಿನ ವೀಡಿಯೋದಲ್ಲಿ ಅವಳ ಕತ್ತಿನ ಕೆಳಗಿನ ಗುಳಿ ನೋಡಿ ನನಗೆ ಅನ್ನ ಇಳಿಯಲಿಲ್ಲ. "ಈಗಿನ ಹುಡುಗಿಯರು ಹಾಗೇ ಕಣೇ, ತೆಳ್ಳಗಿರೋದೇ ಫ್ಯಾಶನ್ನು," ಎಂದರು ನನ್ನ ಯಜಮಾನರು. ಅವರಿಗೆ ಎಲ್ಲವೂ ಫ್ಯಾಶನ್ನೇ. "ಚೆನ್ನಾಗಿದ್ರೆ ನೋಡ್ಕೊಂಡು ಬರ್ತೀನಿ, ಇಲ್ಲಾಂದ್ರೆ ಕರ್ಕೊಂಡೇ ಬರ್ತೀನಿ," ಎಂದು ಹೇಳಿ ಬಸ್ಸು ಹತ್ತಿದ್ದೆ.

ಹೇಳಿದಷ್ಟು ಸುಲಭವಲ್ಲ ಅದು. ನಾನು ಹೆಂಗಸರಿಗೆ ಕಾರು ಕಲಿಸುವವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕಲಿಯಲು ಬರುವವರಿಗೆಲ್ಲ ಗೊತ್ತು. ಆದರೆ ಎಷ್ಟೇ ಸಿಟ್ಟು ಬಂದರೂ ಕಲಿಯುವವಳ ಕೈಯಿಂದ ಸ್ಟೇರಿಂಗ್ ಕಸಿಯುವುದಿಲ್ಲ. ಕಸಿದರೆ ಅವಳು ಆಮೇಲೆ ಜನ್ಮದಲ್ಲಿ ಓಡಿಸುವುದಿಲ್ಲ. ನನ್ನ ಕಾಲ ಕೆಳಗೊಂದು ಬ್ರೇಕು ಇರುತ್ತದೆ, ಅಷ್ಟು ಮಾತ್ರ ನನ್ನದು. ಬೇರೆಯವರ ಹೆಣ್ಣುಮಕ್ಕಳ ವಿಷಯದಲ್ಲಿ ಈ ನಿಯಮ ಪಾಲಿಸುವುದು ನೀರು ಕುಡಿದಷ್ಟು ಸುಲಭ. ಸ್ವಂತ ಮಗಳ ಪಕ್ಕೆಲುಬು ಕೈಗೆ ಸಿಕ್ಕ ಮೇಲೆ ಪಾಲಿಸಿ ನೋಡಬೇಕು.

"ಈ ಊರಲ್ಲಿ ನಿಮಗೆ ಬರೀ ಚೈನೀಸ್ ಅತ್ತೆ," ಎಂದ ಅಳಿಯ ಕಾರು ಓಡಿಸುತ್ತ. "ಬೇರೇನೂ ಕೇಳಬೇಡಿ. ನೀವೂ ಎಲ್ಲ ಕಡೆ ರುಚಿ ನೋಡಿ, ನಮ್ಮ ಟೀಮಿಗೆ ಸೇರ್ಕೊಳ್ಳಿ."

ಅವನು ಸಾಸ್ ತಯಾರಿಸುವ ಕಂಪನಿಯೊಂದರ ಮಾರಾಟದವನು. ಊರಿನ ಚೈನೀಸ್ ಹೋಟೆಲುಗಳಿಗೆಲ್ಲ ಸೋಯಾ, ಚಿಲ್ಲಿ, ವಿನೆಗರ್ ಬಾಟಲಿಗಳನ್ನು ಒದಗಿಸುವ ಕೆಲಸ. ಯಾವ ಅಡುಗೆಮನೆಯಲ್ಲಿ ಯಾರ ಸಾಸ್ ಬಳಸುತ್ತಾರೆ, ಎಷ್ಟು ನೀರು ಬೆರೆಸುತ್ತಾರೆ ಎಂದು ತಿಳಿಯಲು ಗಿರಾಕಿಯ ಹಾಗೆ ಹೋಗಿ ಉಣ್ಣುತ್ತಾನೆ. ಅವನ ನಾಲಿಗೆಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗುವುದು ನನ್ನ ಮಗಳ ನಾಲಿಗೆಗೆ. ಚಿಕ್ಕಂದಿನಿಂದಲೂ ಹಾಗೆಯೇ, ಹಾಲಿನ ಪ್ಯಾಕೆಟ್ಟು ಬದಲಾದರೂ ಹಿಡಿದುಬಿಡುತ್ತಿದ್ದಳು. ಮದುವೆಯಾದ ಮೇಲೆ ಶಿಶುವಿಹಾರದ ಕೆಲಸ ಬಿಡಿಸಿ ಅವಳನ್ನು ಹೋಟೆಲಿನಿಂದ ಹೋಟೆಲಿಗೆ ಕರೆದೊಯ್ಯತೊಡಗಿದ್ದ. "ನನ್ನ ಪ್ರಮೋಷನ್ ಎಲ್ಲಾ ಈ ನಾಲಿಗೆ ದಯೆ," ಎಂದು ಎಡಗೈಯಿಂದ ಅವಳ ಕೆನ್ನೆ ತಟ್ಟಿದ. ಡುಮ್ಮಿ ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಬಲಗಾಲು ಸುಮ್ಮನೆ ಕಾರಿನ ನೆಲವನ್ನು ಒತ್ತಿತು.

ಅವತ್ತು ಸಂಜೆ ಹೋದದ್ದು ಮಾರುಕಟ್ಟೆಯ ಹಿಂದಿನ ಒಂದು ಸಣ್ಣ ಅಂಗಡಿಗೆ. ಒಳಗೆ ಆವಿಯೋ ಆವಿ. ಪ್ಲಾಸ್ಟಿಕ್ ಸ್ಟೂಲು, ಸ್ಟೀಲಿನ ಮೇಜು, ಗೋಡೆಗೆ ಎಣ್ಣೆ ಹಿಡಿದ ಒಂದು ಕೆಂಪು ಬೀಸಣಿಗೆ. ಅಡುಗೆಯವನು ಬಾಣಲೆಯನ್ನು ಎಗರಿಸಿದಾಗಲೆಲ್ಲ ಬೆಂಕಿ ಚಾವಣಿಯ ತನಕ ಹೋಗಿ ಬರುತ್ತಿತ್ತು. ಸೂಪು, ನೂಡಲ್ಸು, ಎಲೆಕೋಸು ತುಂಬಿದ ಕಡುಬಿನಂಥದ್ದು ಬಂತು. ನನಗಂತೂ ಪ್ರಯಾಣದ ಹಸಿವು. ಚಮಚ ಎತ್ತಿದೆ.

"ಒಂದ್ನಿಮಿಷ ಅತ್ತೆ. ಮೊದಲು ಮೇಡಂ."

ಮೇಡಂ ಎಂದರೆ ನನ್ನ ಮಗಳು. ಅವಳು ಒಂದೊಂದರಿಂದಲೂ ಚಮಚದ ತುದಿಯಷ್ಟು ತೆಗೆದುಕೊಂಡು ಕಣ್ಣುಮುಚ್ಚಿ ಬಾಯಲ್ಲಿ ಆಡಿಸಿದಳು. "ಸೋಯಾ ನಮ್ಮದಲ್ಲ. ನೀರು ಬೆರ್ಸಿದಾರೆ. ವಿನೆಗರ್ ನಮ್ಮದೇ, ಆದ್ರೆ ಹಳೇದು," ಎಂದಳು. ಪಾಠ ಒಪ್ಪಿಸುವ ದನಿ. ಅಳಿಯ ಫೋನಿನಲ್ಲಿ ಟಪಟಪ ಒತ್ತಿಕೊಂಡ. ಆಮೇಲೆ "ಈಗ ಊಟ!" ಎಂದು ನೂಡಲ್ಸಿನ ತಟ್ಟೆಯನ್ನು ತನ್ನ ಕಡೆಗೂ ನನ್ನ ಕಡೆಗೂ ಸರಿಸಿದ. ಅವಳ ಮುಂದೆ ಒಂದು ಲೋಟ ಬಿಸಿನೀರಿತ್ತು.

ನಾನು ಸೌಟು ತೆಗೆದುಕೊಂಡು ಅವಳ ತಟ್ಟೆಗೆ ಬಡಿಸಲು ಬಾಗಿದೆ.

"ಸಾಕು ಅಮ್ಮ," ಎಂದಳು.

ಸಾಕು ಅನ್ನುವ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟು ಅರ್ಥಗಳಿವೆ ಎಂದು ಬಡಿಸುವ ಕೈಗೇ ಗೊತ್ತು. ಮೊದಲ ಸಾಕು ಬರೀ ಮರ್ಯಾದೆಯದು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಕೈ ಅಡ್ಡ ಬರುತ್ತದೆ, ಅದರ ಬೆರಳುಸಂದಿಯಿಂದಲೇ ಇನ್ನೊಂದಿಷ್ಟು ಬೀಳುತ್ತದೆ. ತಟ್ಟೆ ಎತ್ತಿಕೊಂಡು ಓಡಿದರೆ ಮಾತ್ರ ಅದು ನಿಜವಾದ ಸಾಕು. ನಾನು ನನ್ನ ಜನ್ಮದಲ್ಲಿ ಮೊದಲ ಸಾಕಿಗೆ ಸೌಟು ನಿಲ್ಲಿಸಿದವಳಲ್ಲ. ಅವತ್ತೂ ನಿಲ್ಲಿಸಲಿಲ್ಲ. ಇನ್ನೂ ಏನೂ ಬೀಳದ ತಟ್ಟೆಗೆ ಯಾರಾದರೂ ಸಾಕು ಅನ್ನುತ್ತಾರೆಯೇ ಎಂಬುದು ಹೊಳೆಯುವ ಮೊದಲೇ ಎರಡು ಸೌಟು ನೂಡಲ್ಸು ಹಾಕಿಯಾಗಿತ್ತು.

ಅಳಿಯನ ಮುಖದಲ್ಲಿ ನಗು ಇತ್ತು, ಆದರೆ ಯಾರೋ ಒಳಗಿನ ದೀಪ ಆರಿಸಿದಂತಿತ್ತು. ಡುಮ್ಮಿ ತಟ್ಟೆಯನ್ನೇ ನೋಡುತ್ತ ಕೂತಳು, ಮುಟ್ಟಲಿಲ್ಲ. ಕೊನೆಗೆ ಅವನೇ ಕೈ ಚಾಚಿ ಅವಳ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡ.

"ಪಾಪ, ಅತ್ತೆ ಪ್ರೀತಿಯಿಂದ ಹಾಕಿದಾರೆ. ವೇಸ್ಟ್ ಮಾಡಬಾರ್ದು," ಎಂದು ಒಂದೂ ಎಳೆ ಬಿಡದಂತೆ ತಿಂದು ಮುಗಿಸಿದ. ತಿನ್ನುತ್ತ ನನಗೆ ಆ ಊರಿನ ಸೇತುವೆಗಳ ಬಗ್ಗೆ ಹೇಳಿದ. ಚೆನ್ನಾಗಿಯೇ ಹೇಳಿದ. ಅವನ ದನಿ ಯಾವಾಗಲೂ ಏರುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನನಗೆ ಅದೊಂದು ಚೆನ್ನಾಗಿ ಬರುತ್ತದೆ. ಸೇತುವೆಗಳ ವಿಷಯಕ್ಕೆ ಯಾರನ್ನು ಬೈಯುವುದು?

ಮರುದಿನ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲೇ ಎದ್ದು ಅಡುಗೆಮನೆಗೆ ಹೋದೆ. ಒಲೆ ಅಂಗಡಿಯಲ್ಲಿ ಮಾರಾಟಕ್ಕಿಟ್ಟದ್ದರಂತೆ ಹೊಳೆಯುತ್ತಿತ್ತು. ಗ್ಯಾಸಿನ ಕೊಳವೆಯನ್ನು ಜೋಡಿಸಿಯೇ ಇರಲಿಲ್ಲ. ಡಬ್ಬಗಳನ್ನು ಒಂದೊಂದಾಗಿ ತೆರೆದೆ. ಅಕ್ಕಿ ಇಲ್ಲ, ಬೇಳೆ ಇಲ್ಲ, ಸಕ್ಕರೆ ಇಲ್ಲ. ಫ್ರಿಜ್ಜಿನ ತುಂಬ ಸಾಸಿನ ಬಾಟಲಿಗಳು, ಒಂದೊಂದರ ಮೇಲೂ ಚೀಟಿ. ಬಾಗಿಲ ಬಳಿ ಹೆಜ್ಜೆಯ ಸದ್ದಾಯಿತು.

"ನಾವು ಮನೇಲಿ ಅಡುಗೆ ಮಾಡಲ್ಲ ಅತ್ತೆ," ಎಂದ ಅಳಿಯ. ಯಾವಾಗ ಬಂದು ನಿಂತಿದ್ದನೋ ದೇವರೇ ಬಲ್ಲ. "ನಿಮಗೆ ಬ್ರೆಡ್ ತಂದಿಟ್ಟಿದೀನಿ ನೋಡಿ, ಅಲ್ಲಿ ಮೇಲೆ."

"ಅವಳಿಗೆ?"

"ಮಧ್ಯಾಹ್ನ ಟೇಸ್ಟಿಂಗ್ ಇದೆಯಲ್ಲ. ಹೊಟ್ಟೆ ತುಂಬಿದ್ರೆ ನಾಲಿಗೆ ಮಲಗಿಬಿಡುತ್ತೆ. ಅವಳಿಗೂ ಗೊತ್ತು. ಅಲ್ವಾ ಮೇಡಂ?"

ಡುಮ್ಮಿ ಅವನ ಹಿಂದೆ ನಿಂತಿದ್ದಳು. ನಾನು ಬ್ರೆಡ್ಡಿನ ಪೊಟ್ಟಣ ಒಡೆದು ಒಂದು ತುಂಡು ಅವಳತ್ತ ಚಾಚಿದೆ. "ಸಾಕು ಅಮ್ಮ," ಎಂದಳು. ಮುಟ್ಟದ ಬ್ರೆಡ್ಡಿಗೆ ಮತ್ತೊಂದು ಸಾಕು. ಆಗ ನನಗೆ ಅರ್ಥವಾಯಿತು, ಆ ಮಾತು ಅವಳ ಬಾಯಿಂದ ಬರುತ್ತಿದ್ದರೂ ಅವಳದಲ್ಲ. ಅವನನ್ನು ಬದಿಗೆ ತಳ್ಳಿ ಅವಳ ಕೈ ಹಿಡಿದು ಎಳೆದುಕೊಂಡು ಹೋಗಿಬಿಡಬೇಕು ಅನ್ನಿಸಿತು. ಆದರೆ ಎಳೆದುಕೊಂಡು ಹೋದ ಮಗಳು ಎಷ್ಟು ದಿನ ನನ್ನ ಬಳಿ ಇರುತ್ತಾಳೆ? ಅವನು ಒಂದು ಫೋನು ಮಾಡಿದರೆ ಮರಳಿ ಬಂದಾಳು. ಅವಳೇ ಹೊರಡಬೇಕಿತ್ತು. ಅದಕ್ಕೆ ನನಗೆ ಅವಳೊಬ್ಬಳೇ ಒಂದು ನಿಮಿಷ ಸಿಗಬೇಕಿತ್ತು, ಅದೇ ಸಿಗುತ್ತಿರಲಿಲ್ಲ. ನಾನು ಕೂದಲು ಬಾಚಲು ಕರೆದರೆ ಅವನು ಬಾಚಣಿಗೆ ಹಿಡಿದು ಬರುತ್ತಿದ್ದ. ಬಟ್ಟೆ ಒಣಗಿಸಲು ಹೋದರೆ ಕ್ಲಿಪ್ಪು ಕೊಡಲು ಬರುತ್ತಿದ್ದ. ನೋಡಿದವರು ಎಂಥ ಸಹಾಯ ಮಾಡುವ ಗಂಡ ಅನ್ನಬೇಕು.

ಮಧ್ಯಾಹ್ನದ ಹೋಟೆಲು ಕಚೇರಿಗಳ ಬೀದಿಯಲ್ಲಿತ್ತು. ಗಾಜಿನ ಗೋಡೆ, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಜನ, ಗಡಿಬಿಡಿ. ಫ್ರೈಡ್ ರೈಸು, ಮೀನಿನದೇನೋ ಒಂದು, ಅಣಬೆ ಹಾಕಿದ ಗೊಜ್ಜಿನಂಥದ್ದು. ಮತ್ತೆ ಅದೇ ಚಮಚದ ತುದಿ, ಅದೇ ಮುಚ್ಚಿದ ಕಣ್ಣು, ಅದೇ ಒಪ್ಪಿಸುವ ದನಿ. ಅನ್ನವನ್ನು ರುಚಿ ನೋಡುವಾಗ ಮಾತ್ರ ಅವಳ ಗಂಟಲು ಚಮಚಕ್ಕಿಂತ ಮುಂಚೆಯೇ ನುಂಗಿತು. ನಾನು ನೋಡಿದೆ. ಅವನೂ ನೋಡಿದ.

"ಕೈ ತೊಳ್ಕೊಂಡು ಬರ್ತೀನಿ," ಎಂದು ಅವಳು ಎದ್ದಳು. "ನಾನೂ ಬಂದೆ," ಎಂದು ನಾನು ಕುರ್ಚಿ ತಳ್ಳಿದೆ. ಹೆಂಗಸರ ಶೌಚಾಲಯದೊಳಕ್ಕೆ ಅವನು ಬರುವಂತಿರಲಿಲ್ಲ. ಬಾಗಿಲ ತನಕ ಬಂದ. ನಾನು ಒಳಗೆ ಹೋಗಿ ಬಾಗಿಲು ಹಾಕಿದೆ.

ಡುಮ್ಮಿ ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದಳು. ಅವಳ ಕೈಯಲ್ಲಿ ಟೀ ಮೇಜಿನ ಮೇಲಿಡುವ ಸಣ್ಣ ಸಕ್ಕರೆ ಪೊಟ್ಟಣಗಳಿದ್ದವು. ಒಂದೊಂದನ್ನೇ ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದಳು. ಅಗಿಯುತ್ತಿರಲಿಲ್ಲ, ನುಂಗುತ್ತಿದ್ದಳು. ತುಟಿಯ ತುಂಬ ಸಕ್ಕರೆ. ನನ್ನನ್ನು ಕಂಡದ್ದೇ ಖಾಲಿ ಕಾಗದಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಅಮ್ಮ, ಹೇಳ್ಬೇಡ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಲ್ಲಿ ತಿರುಗಿಸಿದೆ, ನೀರಿನ ಸದ್ದಾಗಲಿ ಎಂದು.

"ಹೊಡೀತಾನಾ?"

"ಇಲ್ಲ."

"ಬೈತಾನಾ?"

"ಇಲ್ಲಮ್ಮ. ಹಾಗೆ ಮಾಡಿದ್ರೆ ಹೇಳೋಕಾದ್ರೂ ಆಗ್ತಿತ್ತು." ಅವಳು ತುಟಿ ಒರೆಸಿಕೊಂಡಳು. "ನಾನು ತಿಂದ್ರೆ ಮಾತು ಬಿಡ್ತಾರೆ. ಅಷ್ಟೇ. ವಾರಗಟ್ಟಲೆ. ನಾನು ಆ ಮನೇಲಿ ಇಲ್ವೇ ಇಲ್ಲ ಅನ್ನೋ ಹಾಗೆ ಓಡಾಡ್ತಾರೆ. ಎದುರು ಬಂದ್ರೆ ಕುರ್ಚಿ ಸುತ್ತಿಕೊಂಡು ಹೋಗೋ ಹಾಗೆ ನನ್ನ ಸುತ್ತಿಕೊಂಡು ಹೋಗ್ತಾರೆ. ಆಮೇಲೆ ಒಂದು ದಿನ ಹಸ್ಕೊಂಡು ಹೋಗಿ ಸರಿಯಾಗಿ ರುಚಿ ಹೇಳಿದ್ರೆ ನಗ್ತಾರೆ. ಆ ನಗು ಬಂದ್ರೆ ಸಾಕಪ್ಪಾ ಅನ್ಸಿಬಿಡುತ್ತೆ."

ಅವಳು ಶಿಶುವಿಹಾರದಲ್ಲಿ ಹಟಮಾರಿ ಮಕ್ಕಳಿಗೆಲ್ಲ ಬಗ್ಗದ ಟೀಚರಾಗಿದ್ದವಳು. ನನ್ನ ಮಾತಿಗೇ ಎದುರು ಹೇಳುತ್ತಿದ್ದವಳು. ನಾನು ಅವಳ ಎರಡೂ ತೋಳು ಹಿಡಿದೆ.

"ನಾಳೆ ನಾನು ಹೊರಡೋವಾಗ..."

"ಕೇಳ್ಬೇಡ ಅಮ್ಮ." ಅವಳ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. "ನೀನು ಕೇಳಿದ್ರೆ ಹೂಂ ಅಂದ್ಬಿಡ್ತೀನಿ. ಅವ್ರು ಬಂದು ಕರೆದ್ರೂ ಹೂಂ ಅಂದ್ಬಿಡ್ತೀನಿ. ಈಗ ನಂಗೆ ಯಾರು ಏನು ಕೇಳಿದ್ರೂ ಹೂಂ ಅನ್ನೋದೇ ಬರೋದು."

ಬಾಗಿಲ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. "ಆಯ್ತಾ? ಊಟ ಆರ್ತಿದೆ ಅತ್ತೆ."

ಅವಳು ಕಾಗದಗಳನ್ನು ಕಸದ ಡಬ್ಬಕ್ಕೆ ಹಾಕಲಿಲ್ಲ. ನನ್ನ ಕೈಗೆ ತುರುಕಿದಳು. ಡಬ್ಬ ನೋಡುತ್ತಾನೆಂಬ ಭಯವೇ ಇರಬೇಕು.

ಅವತ್ತು ರಾತ್ರಿ ನಾನು ಮಲಗಿದೆನೇ ಹೊರತು ನಿದ್ದೆ ಹತ್ತಲಿಲ್ಲ. ಮರುದಿನ ಸಂಜೆಗೆ ನನ್ನ ಬಸ್ಸು. ಅವಳಾಗಿ ಹೊರಡದಿದ್ದರೆ ನಾನು ಒಬ್ಬಳೇ ಹತ್ತಬೇಕು. ಆಮೇಲೆ ಆ ಫೋನಿನ ಸ್ಪೀಕರು, ಆ "ಹೂಂ ಅಮ್ಮ". ಮುಂದಿನ ಸಲ ನಾನು ಬರುವ ಹೊತ್ತಿಗೆ ತಬ್ಬಿಕೊಳ್ಳಲು ಇನ್ನೆಷ್ಟು ಉಳಿದಿರುತ್ತಾಳೋ. ಕೇಳಬಾರದು ಎಂದು ಅವಳೇ ಹೇಳಿಬಿಟ್ಟಿದ್ದಳು. ಕೇಳದೆ ಹೇಗೆ ಕರೆಯುವುದು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟು ಗೊಬ್ಬರವಾಯಿತು.

ಮರುದಿನ ಮಧ್ಯಾಹ್ನ ನನ್ನ ಬ್ಯಾಗನ್ನು ಡಿಕ್ಕಿಗೆ ಹಾಕಿಕೊಂಡೇ ಹೊರಟೆವು. ಊಟ ಮುಗಿಸಿ ಹಾಗೇ ಬಸ್ಸಿಗೆ ಬಿಡುವುದೆಂದು ಲೆಕ್ಕ. ಈ ಹೋಟೆಲು ದೊಡ್ಡದು, ಒಂದೇ ಹೆಸರಲ್ಲಿ ಊರ ತುಂಬ ಶಾಖೆಗಳಿದ್ದವು. ಅದರ ಮಾಲೀಕರನ್ನು ಬುಟ್ಟಿಗೆ ಹಾಕಿಕೊಂಡರೆ ಎಲ್ಲ ಶಾಖೆಗಳಿಗೂ ಅಳಿಯನ ಸಾಸೇ ಹೋಗುತ್ತದೆ. ಅದಕ್ಕಾಗಿ ಅವನು ಮೇಡಂ ನಾಲಿಗೆಯ ಕಸರತ್ತು ತೋರಿಸಲು ಒಪ್ಪಿಕೊಂಡಿದ್ದ. ಹಿಂದಿನ ದಿನ ಕದ್ದು ತಿಂದ ಸಕ್ಕರೆ ಬಿಟ್ಟರೆ ಡುಮ್ಮಿಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದು ಒಂದು ಗಳಿಗೆ ನಿಂತಳು. "ಏನಿಲ್ಲ, ಬಿಸಿಲು," ಎಂದಳು.

ನಮ್ಮನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ದುಂಡು ಮೇಜು, ಅದರ ನಡುವೆ ತಿರುಗುವ ಗಾಜಿನ ಹಲಗೆ. ಪಾತ್ರೆಗಳನ್ನೆಲ್ಲ ಅದರ ಮೇಲಿಟ್ಟು, ಬೇಕಾದ್ದು ತಮ್ಮ ಮುಂದೆ ಬರುವಂತೆ ತಿರುಗಿಸಿಕೊಳ್ಳುವುದು. ಮಾಲೀಕರು ದಪ್ಪನೆಯ ಮನುಷ್ಯ, ನಗುಮುಖ, ಬಾಯಲ್ಲಿ ಹಲ್ಲುಕಡ್ಡಿ. ಅಳಿಯ ಅವರ ಪಕ್ಕದಲ್ಲಿ ಕೂತ. ಎದುರಿಗೆ ಡುಮ್ಮಿ, ಅವಳ ಪಕ್ಕ ನಾನು.

ಮೊದಲು ಕಸರತ್ತು. ಸಣ್ಣ ಬಟ್ಟಲುಗಳಲ್ಲಿ ಕಪ್ಪು ಸಾಸು, ಕೆಂಪು ಸಾಸು. ಡುಮ್ಮಿ ಒಂದೊಂದನ್ನೂ ನಾಲಿಗೆಗೆ ಮುಟ್ಟಿಸಿ ಯಾವುದು ಯಾರದು ಎಂದು ಹೇಳಿದಳು. ಒಂದೂ ತಪ್ಪಲಿಲ್ಲ. ಮಾಲೀಕರು ಚಪ್ಪಾಳೆ ತಟ್ಟಿದರು.

"ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವರನ್ನ?"

"ನನ್ನ ಟ್ರೇನಿಂಗ್ ಸರ್," ಎಂದ ಅಳಿಯ.

ಊಟ ಬಂತು. ಹೊಗೆಯಾಡುವ ಸೂಪು, ಶುಂಠಿ ಹಾಕಿ ಬೇಯಿಸಿದ ಇಡೀ ಮೀನು, ಮೆತ್ತನೆಯ ಬಿಳಿ ಬನ್ನುಗಳು, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು, ಮೊಟ್ಟೆ ಬೆರೆಸಿದ ಅನ್ನ. ಎಲ್ಲವನ್ನೂ ಗಾಜಿನ ಮೇಲಿಟ್ಟರು. ಅಳಿಯ ಒಂದೇ ಬೆರಳಿನಿಂದ ಗಾಜನ್ನು ತಿರುಗಿಸತೊಡಗಿದ. ಮಾತು ಮಾಲೀಕರ ಜೊತೆಗೆ, ಬೆರಳು ಗಾಜಿನ ಮೇಲೆ. ಸೂಪು ನನ್ನ ಮುಂದೆ ಬಂದು ನಿಂತಿತು, ಮೀನು ಮಾಲೀಕರ ಮುಂದೆ ನಿಂತಿತು. ಡುಮ್ಮಿಯ ಮುಂದೆ ಮಾತ್ರ ಯಾವುದೂ ನಿಲ್ಲಲಿಲ್ಲ. ಅನ್ನ ಅವಳ ಮುಂದಿನಿಂದ ಹಾದುಹೋಯಿತು. ಬನ್ನು ಹಾದುಹೋಯಿತು. ಅವಳ ಕಣ್ಣು ಪಾತ್ರೆಗಳ ಜೊತೆ ಹೋಗಿ ಹೋಗಿ ಬರುತ್ತಿತ್ತು.

"ಏನಮ್ಮ, ನೀವು ಏನೂ ಹಾಕ್ಕೊಂಡೇ ಇಲ್ಲ?" ಎಂದರು ಮಾಲೀಕರು.

"ಸಾಕು ಸರ್," ಎಂದಳು ಡುಮ್ಮಿ.

"ಅಯ್ಯೋ, ತಟ್ಟೆ ಖಾಲಿ ಇದೆ, ಸಾಕು ಅಂತೀರಲ್ಲ! ನಾಚ್ಕೋಬೇಡಿ."

"ಅವಳು ಹಾಗೇ ಸರ್, ಹಕ್ಕಿ ಊಟ," ಎಂದು ಅಳಿಯ ನಗುತ್ತ ಗಾಜನ್ನು ಮತ್ತೆ ತಿರುಗಿಸಿದ.

ಅನ್ನದ ಪಾತ್ರೆ ಬರುತ್ತಿತ್ತು. ಅದು ಮಗಳ ಮುಂದೆ ಬಂದ ಗಳಿಗೆಯಲ್ಲಿ ನಾನು ಅಂಗೈ ಚಾಚಿ ಗಾಜಿನ ಅಂಚನ್ನು ಒತ್ತಿ ಹಿಡಿದೆ. ಹಲಗೆ ಗಕ್ಕನೆ ನಿಂತಿತು. ಸೂಪು ತುಳುಕಿ ಮೇಜಿಗೆ ಹಾಸಿದ ಬಟ್ಟೆಯ ಮೇಲೆ ಚೆಲ್ಲಿತು.

ಅಳಿಯನ ಬೆರಳು ಗಾಜಿನ ಮೇಲೇ ಇತ್ತು. ಅವನು ಒತ್ತಿದ. ನಾನೂ ಒತ್ತಿದೆ. ಗಾಜು ಒಂದಿಷ್ಟು ಅತ್ತ ಜರುಗಿತು, ಒಂದಿಷ್ಟು ಇತ್ತ. ಪಾತ್ರೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅವನ ಮುಖದಲ್ಲಿ ನಗು ಹಾಗೇ ಇತ್ತು, ಬೆರಳ ತುದಿ ಮಾತ್ರ ಬೆಳ್ಳಗಾಗಿತ್ತು. ಈಗ ಅವನ ಇಡೀ ಅಂಗೈ ಗಾಜಿನ ಮೇಲಿತ್ತು. ನನ್ನ ಮಣಿಕಟ್ಟು ನೋಯುತ್ತಿತ್ತು. ಬಿಡಲಿಲ್ಲ.

"ಅತ್ತೆ, ಕೈ ತೆಗೀರಿ. ಬಟ್ಟೆ ಕೊಳೆಯಾಗುತ್ತೆ."

"ಆಗ್ಲಿ."

"ಅವಳು ಸಾಕು ಅಂದ್ಲಲ್ಲ."

ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಮಾಲೀಕರ ಮುಂದೆ ಇವನ ಮಾನ ಹರಾಜು ಹಾಕಿಬಿಡಬಹುದಿತ್ತು. ಸಕ್ಕರೆ ಪೊಟ್ಟಣದ ಕಥೆ ಹೇಳಬಹುದಿತ್ತು. ಆದರೆ ಹೇಳಿದರೆ ಅದು ನನ್ನ ಜಗಳವಾಗುತ್ತಿತ್ತು, ಡುಮ್ಮಿ ನಡುವೆ ಕೂತು ಇಬ್ಬರಿಗೂ ಹೂಂ ಅನ್ನುತ್ತಿದ್ದಳು. ಹಲ್ಲು ಕಚ್ಚಿ ಸುಮ್ಮನಿದ್ದೆ. ಗಾಜು ನಿಂತಿತ್ತು, ಅನ್ನ ಅವಳ ಮುಂದಿತ್ತು. ನನ್ನಿಂದಾಗುವುದು ಅಷ್ಟೇ. ಮುಂದಿನದು ಅವಳದು.

ಮಾಲೀಕರು ಹಲ್ಲುಕಡ್ಡಿ ತೆಗೆದು ಕೈಯಲ್ಲಿ ಹಿಡಿದರು. ಇದು ತಮಾಷೆಯಲ್ಲ ಎಂದು ಅವರಿಗೂ ಅನ್ನಿಸಿರಬೇಕು.

ಅಳಿಯ ಮಗಳ ಕಡೆ ತಿರುಗಿದ. ದನಿ ಇನ್ನಷ್ಟು ಮೃದುವಾಯಿತು. "ನೀನೇ ಹೇಳ್ಬಿಡು ಮೇಡಂ. ಸಾಕು ತಾನೇ?"

ಡುಮ್ಮಿ ಅನ್ನದ ಪಾತ್ರೆಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಬೇಕು ಅನ್ನು ಮಗಳೇ, ಒಂದು ಸಲ ಬೇಕು ಅನ್ನು ಎಂದು ಒಳಗೊಳಗೇ ಬೇಡಿಕೊಂಡೆ.

"ಸಾಕು," ಎಂದಳು.

ನಾನು ಗಾಜಿನಿಂದ ಕೈ ತೆಗೆದೆ. ಅಳಿಯ ಗೆದ್ದವನಂತೆ ಕುರ್ಚಿಗೆ ಒರಗಿದ. "ನೋಡಿದ್ರಾ ಅತ್ತೆ? ನೋಡಿದ್ರಾ ಸರ್? ಅವಳ ಮಿತಿ ಅವಳಿಗೆ ಗೊತ್ತು." ಗಾಜನ್ನು ಸರ್ರನೆ ತಿರುಗಿಸಿದ. ಅನ್ನ ಅವಳ ಮುಂದಿನಿಂದ ಹೊರಟುಹೋಯಿತು.

"ಊಟ ಅಲ್ಲ," ಎಂದಳು ಡುಮ್ಮಿ.

ಅವನಿಗೆ ಕೇಳಿಸಲಿಲ್ಲ. ಮಾಲೀಕರಿಗೆ ಮೀನು ಬಡಿಸುತ್ತಿದ್ದ.

"ನಾನು ಊಟಕ್ಕೆ ಹೇಳಿದ್ದಲ್ಲ," ಎಂದು ಅವಳು ಇನ್ನೊಮ್ಮೆ ಹೇಳಿದಳು. ದನಿ ನಡುಗುತ್ತಿತ್ತು, ಆದರೂ ನಿಲ್ಲಲಿಲ್ಲ. "ನಿಮ್ಮ ಜೊತೆ ಇದ್ದಿದ್ದು ಸಾಕು ಅಂದೆ."

ಮೀನಿನ ತುಂಡು ಚಮಚದಲ್ಲೇ ಉಳಿಯಿತು. ಅವನು ನಗಲು ನೋಡಿದ. ಬಾಯಿ ಅಗಲವಾಯಿತು, ನಗು ಬರಲಿಲ್ಲ. ಡುಮ್ಮಿ ಮೇಜು ಹಿಡಿದು ಎದ್ದಳು. ನಾನು ಅವಳ ತೋಳಿಗೆ ಕೈ ಕೊಡಲಿಲ್ಲ, ಜೊತೆಗೆ ಎದ್ದೆ ಅಷ್ಟೆ. ಮಾಲೀಕರು ತಾವೇ ಎದ್ದು ಬಾಗಿಲು ತೆರೆದು ಹಿಡಿದರು, ಯಾಕೆ ಎಂದು ಕೇಳಲಿಲ್ಲ. ಆ ಪುಣ್ಯಾತ್ಮ ಚೆನ್ನಾಗಿರಲಿ.

ರಸ್ತೆಗೆ ಬರುವಷ್ಟರಲ್ಲಿ ಅಳಿಯ ಹಿಂದೆಯೇ ಬಂದ. ದನಿ ಮತ್ತೆ ಮೊದಲಿನಷ್ಟೇ ಮೆತ್ತಗಿತ್ತು.

"ಈ ಬಿಸಿಲಲ್ಲಿ ಎಲ್ಲಿಗೆ ಹೋಗ್ತೀರಿ? ಅತ್ತೆ, ನಿಮ್ಮ ಬ್ಯಾಗು ಕಾರಲ್ಲಿದೆ. ಬನ್ನಿ, ಇಬ್ಬರೂ ಕೂತ್ಕೊಳ್ಳಿ, ಬಸ್ಸಿಗೆ ಬಿಡ್ತೀನಿ. ಅವಳಿಗೆ ಸುಸ್ತಾಗಿದೆ, ಏನೋ ಮಾತಾಡ್ತಿದಾಳೆ."

ಡುಮ್ಮಿಯ ಹೆಜ್ಜೆ ನಿಧಾನವಾಯಿತು. ಅವನ ಆ ದನಿ ಅವಳ ಕಾಲಿಗೆ ಹಗ್ಗ ಹಾಕಿದಂತಾಗುತ್ತಿತ್ತು. ನಾನು ಟ್ಯಾಕ್ಸಿಗೆ ಕೈ ಮಾಡಿ ನಿಲ್ಲಿಸಿ, ಬಾಗಿಲು ತೆರೆದು, ಒಳಗೆ ಕೂರದೆ ಪಕ್ಕಕ್ಕೆ ನಿಂತೆ. ಬಾ ಅನ್ನಲಿಲ್ಲ. ಅಳಿಯ ಅವಳಿಂದ ಕೈಯಳತೆಯಲ್ಲಿದ್ದ.

"ಫೋನ್ ನನ್ನ ಕಂಪನಿದು. ಕೊಡು," ಎಂದ. ಆ ಮಾತಿಗೆ ಮೃದುತನದ ಲೇಪ ಇರಲಿಲ್ಲ. ಅಲ್ಲೇ ಅವನು ಎಡವಿದ.

ಅವಳು ಫೋನನ್ನು ಅವನ ಕೈಗೆ ಕೊಟ್ಟು ಟ್ಯಾಕ್ಸಿಯೊಳಗೆ ಕೂತಳು. ನಾನು ಕೂತು ಬಾಗಿಲೆಳೆದುಕೊಂಡೆ. ಬ್ಯಾಗು ಹಾಳಾಗಿ ಹೋಗಲಿ ಎಂದು ಚಾಲಕನಿಗೆ ನಡಿ ಎಂದೆ. ಅವನು ಗೇರು ಬದಲಿಸುವಾಗ ಕ್ಲಚ್ಚು ಸರಿಯಾಗಿ ಒತ್ತಲಿಲ್ಲ, ಗರಗರ ಎಂದಿತು. ಬೇರೆ ದಿನವಾಗಿದ್ದರೆ ಬೈದಿರುತ್ತಿದ್ದೆ.

ಬಸ್ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಎದುರಿನ ಬೇಕರಿಯಿಂದ ಕಾಗದದಲ್ಲಿ ಸುತ್ತಿದ ಎರಡು ಬನ್ನು ತಂದೆ. ಒಂದನ್ನು ಅವಳ ಕೈಗಿಟ್ಟು ಇನ್ನೊಂದನ್ನು ನಾನು ಇಟ್ಟುಕೊಂಡೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಮೂಗಿನ ಹತ್ತಿರ ತಂದಳು. ಬಾಯಿ ತೆರೆದಳು. ಕಚ್ಚಲಿಲ್ಲ. ಬನ್ನನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿ ನನ್ನ ಮುಖ ನೋಡಿದಳು.

"ಅಮ್ಮ, ತಿನ್ಲಾ?"

ಹೂಂ ತಿನ್ನು ಮಗಳೇ, ಎಲ್ಲಾ ತಿನ್ನು ಎಂದು ತಬ್ಬಿಕೊಂಡು ಕೂಗಬೇಕು ಅನ್ನಿಸಿತು. ಆದರೆ ಹೂಂ ಅಂದರೆ ನಾನೂ ಅಪ್ಪಣೆ ಕೊಡುವವಳೇ ಆಗುತ್ತಿದ್ದೆ. ಅವನು ಎದ್ದುಹೋದ ಜಾಗದಲ್ಲಿ ನಾನು ಕೂತಂತಾಗುತ್ತಿತ್ತು. ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಕೂರುವುದಕ್ಕಿಂತ ಕಷ್ಟದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ಮುಖವನ್ನು ಆ ಕಡೆ ತಿರುಗಿಸಿ ನನ್ನ ಬನ್ನನ್ನು ಕಚ್ಚಿದೆ. ಅಗಿಯುತ್ತ ಬಸ್ಸುಗಳನ್ನು ನೋಡುತ್ತ ಕೂತೆ.

ಒಂದು ಬಸ್ಸು ಬಂತು, ಜನ ಇಳಿದರು, ಹತ್ತಿದರು, ಹೋಯಿತು. ಪಕ್ಕದಲ್ಲಿ ಸದ್ದಿಲ್ಲ. ಇನ್ನೊಂದು ಬಸ್ಸು ಬಂತು. ನಾನು ತಿರುಗಿ ನೋಡಲಿಲ್ಲ.

ಆಮೇಲೆ ಅವಳ ತೊಡೆಯ ಮೇಲಿನ ಬೇಕರಿಯ ಕಾಗದ ಸರಬರ ಅಂದಿತು.